ಥೈರಾಯ್ಡ್ ಮಾತ್ರೆ, ಒಂಬತ್ತು ತಿಂಗ್ಳು ಆದ್ಮೇಲೆ: ನಂಗೆ ಬೇಕು ಅಂದ್ರು, ಅತ್ತೆಗೆ ಬೇಡ ಅಂದ್ರು

ಲೆವೊಥೈರಾಕ್ಸಿನ್, ಮೊದ್ಲು 25 ಎಂಸಿಜಿ (ಮೈಕ್ರೋಗ್ರಾಂ), ಈಗ 50. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಆ ಒಂದು ಸ್ಟಾರ್ ಕಟ್ ಮಾಡಿದ್ದು ಬರೀ ಕಾಫಿ ಸಿಟ್ಟಿಗೆ.

ನಂಗೆ 43. ಎರಡು ಮಹಡಿ ಹತ್ತಿದ್ರೆ ಏದುಸಿರು, ಮಧ್ಯಾಹ್ನ ಆದ್ರೆ ಕಣ್ಣು ಎಳ್ಕೊಂಡು ಹೋಗೋದು, ಇನ್ನೇನು ಹಾರ್ಟೇ ಕೈ ಕೊಡ್ತು ಅನ್ಕೊಂಡು ಟೆಸ್ಟ್ ಮಾಡ್ಸಿದ್ರೆ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲ್ಸ ಮಾಡು ಅಂತ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳ್ಸೋ ಹಾರ್ಮೋನ್) ಜಾಸ್ತಿ, 11.4, ಥೈರಾಯ್ಡ್ ತಾನೇ ಮಾಡೋ ಹಾರ್ಮೋನ್ ಫ್ರೀ ಟಿ4 ಮಾತ್ರ ನಾರ್ಮಲ್. ಎರಡು ತಿಂಗ್ಳು ಬಿಟ್ಟು ಮತ್ತೆ ಮಾಡ್ಸಿದ್ರೂ ಹೆಚ್ಚುಕಮ್ಮಿ ಅಷ್ಟೇ. ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಂ ಅಂತಾರಂತೆ, ಅಂದ್ರೆ ಗ್ರಂಥಿ ಇನ್ನೂ ಕೆಲ್ಸ ಮಾಡ್ತಿದೆ, ಆದ್ರೆ ಪಿಟ್ಯುಟರಿ ಹಿಂದೆ ನಿಂತು ಕೂಗಿ ಕೂಗಿ ಮಾಡಿಸ್ತಿದೆ.

ಎಕೋ (ಹಾರ್ಟಿನ ಸ್ಕ್ಯಾನ್) ಮಾಡ್ಸಿದ್ವಿ. ಹಾರ್ಟ್ ಹಿಂಡೋದ್ರಲ್ಲಿ ಏನೂ ತೊಂದ್ರೆ ಇಲ್ಲ, ಹಿಂಡಿದ್ಮೇಲೆ ಸಡಿಲ ಆಗೋದು ಸ್ವಲ್ಪ ನಿಧಾನ ಅಂದ್ರು ಡಾಕ್ಟ್ರು. ಪ್ರತಿ ಬಡಿತ ಆದ್ಮೇಲೂ ಹಾರ್ಟಿನ ಸ್ನಾಯು ಜೀವಕೋಶದಲ್ಲಿರೋ ಕ್ಯಾಲ್ಸಿಯಂನ ಒಂದು ಪಂಪ್ ವಾಪಸ್ ಎಳ್ಕೊಳ್ಬೇಕು, ಆ ಪಂಪ್ ಸರಿಯಾಗಿ ತಯಾರಾಗೋಕೆ ಟಿ3 ಅನ್ನೋ ಥೈರಾಯ್ಡ್ ಹಾರ್ಮೋನ್ ಬೇಕು, ಥೈರಾಯ್ಡ್ ಕಮ್ಮಿ ಆದ್ರೆ ಅದು ಮಂದ ಆಗುತ್ತೆ, ಜೊತೆಗೆ ರಕ್ತನಾಳ ಬಿಗಿ ಆಗಿ ಕೆಳಗಿನ ಬಿಪಿ ಏರುತ್ತೆ, ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ ಕೂಡ. ಟಿಎಸ್‌ಎಚ್ 10 ದಾಟಿದ್ರೆ ಹಾರ್ಟ್ ತೊಂದ್ರೆ ಜಾಸ್ತಿ ಕಾಣಿಸ್ಕೊಳ್ಳುತ್ತೆ, ನಿಮ್ಮ ವಯಸ್ಸಿಗೆ ಶುರು ಮಾಡೋಣ ಅಂದ್ರು.

ಮೊದಲ ತಿಂಗ್ಳು ಏನೂ ಗೊತ್ತಾಗ್ಲಿಲ್ಲ, ದುಡ್ಡು ದಂಡ ಅನ್ಸಿತ್ತು. ಈ ಔಷಧಿ ಮೈಯಲ್ಲಿ ಅರ್ಧ ಇಳಿಯೋಕೇ ಒಂದು ವಾರ ಬೇಕಂತೆ, ಅದಕ್ಕೇ ಆರೆಂಟು ವಾರ ಆಗೋತನಕ ಟಿಎಸ್‌ಎಚ್ ನೋಡೋದ್ರಲ್ಲಿ ಅರ್ಥ ಇಲ್ಲ. ಆಮೇಲೆ ನೋಡಿದ್ರೂ ಇಳಿದಿರ್ಲಿಲ್ಲ! ಕಾರಣ ನಾನೇ. ಹಿಮೋಗ್ಲೋಬಿನ್ 9.6 ಇತ್ತು ಅಂತ ಐರನ್ ಮಾತ್ರೆನೂ ಕೊಟ್ಟಿದ್ರು, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕ್ಕೊಂಡು ನೀರು ಕುಡೀತಿದ್ದೆ. ಐರನ್, ಕ್ಯಾಲ್ಸಿಯಂ ಜೊತೆಗಿದ್ರೆ ಥೈರಾಯ್ಡ್ ಮಾತ್ರೆನ ಮೈ ಸರಿಯಾಗಿ ಹೀರ್ಕೊಳ್ಳಲ್ಲ, ನಾಲ್ಕು ಗಂಟೆ ಗ್ಯಾಪ್ ಬೇಕು. ಈಗ ಐರನ್ ರಾತ್ರಿಗೆ.

ಈಗಿನ ಲೆಕ್ಕ: ಟಿಎಸ್‌ಎಚ್ 2.6, ಎಲ್‌ಡಿಎಲ್ 148 ಇದ್ದಿದ್ದು 127, ಕೆಳಗಿನ ಬಿಪಿ 92ರಿಂದ 84. ಎಕೋ ಸ್ವಲ್ಪ ಚೆನ್ನಾಗಿದೆ ಅಂದ್ರು, ಆದ್ರೆ ದಿನಾ ವಾಕಿಂಗೂ ಹೋಗ್ತಿದ್ದೆ, ಪೂರ್ತಿ ಕ್ರೆಡಿಟ್ ಮಾತ್ರೆಗೆ ಕೊಡಕ್ಕಾಗಲ್ಲ. ಏದುಸಿರು ಹೋಗಿದ್ದಕ್ಕೆ ಹಿಮೋಗ್ಲೋಬಿನ್‌ದೂ ಪಾಲಿದೆ ಅನ್ಸುತ್ತೆ. ತೂಕ ಇಳಿಯುತ್ತೆ ಅನ್ಕೊಂಡು ತಗೊಳ್ಳೋರಿಗೆ: ಒಂದೂವರೆ ಕೇಜಿ, ಅಷ್ಟೇ.

ಇನ್ನು ನಮ್ಮತ್ತೆ ಕಥೆ. ಅವ್ರಿಗೆ 74. ಮನೆಗೆ ಬಂದು ರಕ್ತ ತಗೊಂಡು ಹೋಗೋ ಯಾವುದೋ ಪ್ಯಾಕೇಜ್‌ನಲ್ಲಿ ಟಿಎಸ್‌ಎಚ್ 6.8 ಬಂತು, ಕೆಂಪಕ್ಷರದಲ್ಲಿ, ಆಮೇಲೆ ಫೋನ್ ಮೇಲೆ ಫೋನ್. ನಂದೇ ಬಾಟ್ಲಿಂದ 25 ಕೊಟ್ಬಿಡೋಣ ಅಂತಿದ್ದೆ, ದೇವ್ರು ಕಾಪಾಡಿದ. ಡಾಕ್ಟ್ರು ಬೇಡ್ವೇ ಬೇಡ ಅಂದ್ರು. ವಯಸ್ಸಾದಂಗೆ ಟಿಎಸ್‌ಎಚ್ ತಾನಾಗೇ ಸ್ವಲ್ಪ ಏರುತ್ತಂತೆ. 2017ರಲ್ಲಿ ಯೂರೋಪಲ್ಲಿ ಇದೇ ತೊಂದ್ರೆ ಇದ್ದ, 65 ದಾಟಿದ 737 ಜನರಲ್ಲಿ ಅರ್ಧ ಜನಕ್ಕೆ ಇದನ್ನ, ಉಳಿದೋರಿಗೆ ಔಷಧಿ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ನೋಡಿದ್ರು, ವರ್ಷ ಕಳೆದ್ರೂ ಸುಸ್ತಲ್ಲಿ ವ್ಯತ್ಯಾಸ ಇಲ್ಲ. ಬ್ರಿಟನ್‌ನಲ್ಲಿ ಹಾರ್ಟ್ ಅಟ್ಯಾಕ್ ಆದ 95 ಜನಕ್ಕೆ 52 ವಾರ ಹಂಗೇ ಮಾಡಿ ನೋಡಿದ್ರು, 2020ರಲ್ಲಿ ಬಂತು, ಹಾರ್ಟ್ ಪಂಪ್ ಮಾಡೋ ಶಕ್ತಿ ಏನೂ ಹೆಚ್ಚಾಗ್ಲಿಲ್ಲ. ಡೋಸ್ ಜಾಸ್ತಿ ಆದ್ರೆ ಮಾತ್ರ ವಯಸ್ಸಾದೋರಿಗೆ ಹಾರ್ಟ್ ತಾಳ ತಪ್ಪುತ್ತೆ, ಮೂಳೆ ಸವೆಯುತ್ತೆ.

ಬ್ರ್ಯಾಂಡ್ ಕೇಳೋರಿಗೆ: ಥೈರೋನಾರ್ಮ್ ಆಗ್ಲಿ ಎಲ್ಟ್ರಾಕ್ಸಿನ್ ಆಗ್ಲಿ ಔಷಧಿ ಒಂದೇ, ಆದ್ರೆ ಅಂಗಡಿಯವ್ರು ಕೊಟ್ಟಿದ್ದು ಅಂತ ತಿಂಗ್ಳಿಗೊಂದು ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಟಿಎಸ್‌ಎಚ್ ಮತ್ತೆ ನೋಡಿಸ್ಬೇಕು.

ಕಾಫಿ ವಿಷ್ಯ. ಖಾಲಿ ಹೊಟ್ಟೆಲಿ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯ್ಬೇಕು. ಆರಕ್ಕೆ ಡಿಕಾಕ್ಷನ್ ಇಳಿಯುತ್ತೆ, ಅತ್ತೆ ಲೋಟ ಹಿಡ್ಕೊಂಡು ಎದುರಿಗೇ ಕೂತ್ಕೊಳ್ತಾರೆ, ನಾನು ಗಡಿಯಾರ ನೋಡ್ಕೊಂಡು ಕೂತಿರ್ತೀನಿ.