3-ಎನ್‌ಪಿ ಪುಡಿ: ಮಿದುಳಿನ ಸ್ಲೈಸ್‌ಗೆ ಚೊಕ್ಕ, ಇಡೀ ಇಲಿಯಲ್ಲಿ ಹೃದಯದ ಮೇಲೂ ಕಣ್ಣಿರಲಿ

ಇಲಿಯ ಮಿದುಳಿನ ಪ್ರಯೋಗಗಳಲ್ಲಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಎರಡನೇ ಕಾಂಪ್ಲೆಕ್ಸ್ (ಪ್ರೋಟೀನ್ ಗುಂಪು) ಅನ್ನು, ಅಂದರೆ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನು, ತಡೆಯಲು 3-ನೈಟ್ರೋಪ್ರೊಪಿಯೋನಿಕ್ ಆಮ್ಲಕ್ಕೇ (3-ಎನ್‌ಪಿ) ಮೊದಲ ಮಣೆ ಹಾಕಬಹುದು. ಮ್ಯಾಲೊನೇಟ್ ಕೂಡ ಅದೇ ಕೆಲಸ ಮಾಡುತ್ತದೆ, ಆದರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ನೇರವಾಗಿ ಸ್ಟ್ರಯೇಟಮ್‌ಗೇ (ಚಲನೆಯನ್ನು ನಿಯಂತ್ರಿಸುವ ಮಿದುಳಿನ ಒಳಭಾಗಕ್ಕೇ) ಚುಚ್ಚಬೇಕು. 3-ಎನ್‌ಪಿಯನ್ನು ಹೊಟ್ಟೆಗೆ ಚುಚ್ಚಿದರೂ ಮಿದುಳು ಮುಟ್ಟುತ್ತದೆ, ಹಾನಿ ಸ್ಟ್ರಯೇಟಮ್‌ನಲ್ಲೇ ಎದ್ದು ಕಾಣುತ್ತದೆ.

ಪುಡಿ ಸಲೈನ್‌ನಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ದ್ರಾವಣ ಹುಳಿ. ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಹನಿಹನಿಯಾಗಿ ಹಾಕಿ ಪಿಎಚ್ 7.4ಕ್ಕೆ ತಂದು, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಅಂದಂದೇ ಬಳಸುವುದು ಒಳ್ಳೆಯದು. ಪಿಎಚ್ ಸರಿಮಾಡದಿದ್ದರೆ ಚುಚ್ಚಿದ ಜಾಗದ ಉರಿಗೇ ಇಲಿ ಮುದುಡಿ ಕೂರುತ್ತದೆ, ಅದು ನರದ ಪರಿಣಾಮವೆಂದು ದಾಖಲಾಗಿಬಿಡುತ್ತದೆ.

ಈ ಪುಡಿಯ ನಿಜವಾದ ಗುಣ ತಿಳಿಯುವುದು ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಸ್ಲೈಸ್‌ನಲ್ಲಿ, ಅಂದರೆ ಜೀವಂತವಾಗಿ ಇಟ್ಟ ತೆಳು ಹೋಳಿನಲ್ಲಿ. 1 ಮಿಲಿಮೋಲಾರ್ ಹರಿಸಿದರೆ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಇಳಿಯುತ್ತದೆ, ಎಟಿಪಿಗೆ ಸ್ಪಂದಿಸುವ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ, ಹಿಪೊಕ್ಯಾಂಪಸ್‌ನ ಸಿಎ1 ಭಾಗದ ನರಕೋಶಗಳು ಮೊದಲು ಹೈಪರ್‌ಪೋಲರೈಸ್ ಆಗಿ (ಒಳಗಿನ ವೋಲ್ಟೇಜ್ ಇನ್ನಷ್ಟು ಋಣವಾಗಿ) ಸಿನಾಪ್ಸ್‌ನ (ನರಕೋಶಗಳ ಸಂಧಿಯ) ಪ್ರತಿಕ್ರಿಯೆ ಕುಗ್ಗುತ್ತದೆ. ಈ ಚಾನೆಲ್‌ಗಳನ್ನು ಮುಚ್ಚುವ ಟೋಲ್ಬುಟಮೈಡ್ ಕೊಟ್ಟಾಗ ಆ ಹೈಪರ್‌ಪೋಲರೈಸೇಶನ್ ತಗ್ಗಿದರೆ ಕಾರಣ ಈ ಚಾನೆಲ್‌ಗಳೇ ಎಂದು ಹೇಳಬಹುದು. 3-ಎನ್‌ಪಿ ಕಿಣ್ವಕ್ಕೆ ಕೋವೇಲೆಂಟ್ ಆಗಿ, ಅಂದರೆ ಬಿಡಿಸಲಾಗದಂತೆ, ಅಂಟಿಕೊಳ್ಳುವುದರಿಂದ ತೊಳೆದು ಮತ್ತೆ ಅಳೆಯುವ ಆಸೆ ಬೇಡ. ಒಂದು ಸ್ಲೈಸ್‌ಗೆ ಒಂದೇ ಪ್ರಯೋಗ.

ಇಡೀ ಪ್ರಾಣಿಯಲ್ಲಿ ಕಥೆಯೇ ಬೇರೆ. ಒಂದೇ ಡೋಸ್‌ಗೆ ಒಂದು ಇಲಿ ಹಿಂಗಾಲು ಎಳೆಯುತ್ತದೆ, ಪಕ್ಕದ್ದು ಆರಾಮಾಗಿ ಓಡಾಡುತ್ತದೆ. ಸ್ಪ್ರಾಗ್-ಡಾಲಿಗಿಂತ ಲೂಯಿಸ್ ತಳಿಯಲ್ಲಿ ಈ ಏರುಪೇರು ಕಡಿಮೆ. ದಿನವೂ ತೂಗಿ, ಅಂದಿನ ತೂಕಕ್ಕೇ ಡೋಸ್ ಲೆಕ್ಕ ಹಾಕಿ. ನೆನೆಸಿದ ಮೆತ್ತನೆಯ ಆಹಾರವನ್ನು ಪಂಜರದ ನೆಲದಲ್ಲೇ ಇಡಿ. ಎಷ್ಟು ತೂಕ ಇಳಿದರೆ ಪ್ರಯೋಗ ನಿಲ್ಲಿಸಬೇಕೆಂಬುದು ನೈತಿಕ ಸಮಿತಿಯ ಅನುಮತಿಯಲ್ಲೇ ಬರೆದಿರಲಿ. ಒದ್ದಾಡುವ ಪ್ರಾಣಿಯಿಂದ ಸಿಗುವ ಅಂಕಿ ಯಾವ ಕೆಲಸಕ್ಕೂ ಬಾರದು.

ದೊಡ್ಡ ಕೊರತೆ ಇನ್ನೊಂದಿದೆ. ಇದು ಹೃದಯವನ್ನೂ ಕೆಡಿಸುತ್ತದೆ. ಇಸಿಜಿ, ದೇಹದ ಉಷ್ಣತೆ ನೋಡದೆ ಇಇಜಿ (ಮಿದುಳಿನ ವಿದ್ಯುತ್ ದಾಖಲೆ) ಅಲೆ ಮಂದವಾಯಿತೆಂದರೆ, ಅದು ವಿಷದ ನೇರ ಪರಿಣಾಮವೋ ರಕ್ತ ಸಾಲದೆ ಆದದ್ದೋ ಗೊತ್ತಾಗದು. ಐಸೋಫ್ಲೂರೇನ್ ಅರಿವಳಿಕೆ ಮೈಟೊಕಾಂಡ್ರಿಯದ ಮೊದಲನೇ ಕಾಂಪ್ಲೆಕ್ಸ್ ಅನ್ನು ತಡೆಯುವುದರಿಂದ ಲೆಕ್ಕ ಇನ್ನೂ ಕಲಸಿಹೋಗುತ್ತದೆ. ಹಂಟಿಂಗ್ಟನ್ ಕಾಯಿಲೆಯ (ಆನುವಂಶಿಕ ನರರೋಗದ) ಮಾದರಿ ಎಂದು ಕೊಳ್ಳುವವರೂ ಗಮನಿಸಬೇಕು: ಸ್ಟ್ರಯೇಟಮ್‌ನ ಹಾನಿ ಹೋಲುತ್ತದೆ, ಜೀನ್‌ನ ದೋಷ ಇದರಲ್ಲಿ ಇಲ್ಲ.

ಹೊಸ ಬಾಟಲಿ ಬಂದಾಗ ಮೊದಲು ಎರಡು ಮಿದುಳುಗಳ ಫಿಕ್ಸ್ ಮಾಡದ (ರಾಸಾಯನಿಕದಿಂದ ಸ್ಥಿರಗೊಳಿಸದ) ಕತ್ತರಿಕೆಗಳಿಗೆ ಸಕ್ಸಿನೇಟ್ ಮತ್ತು ಕಿಣ್ವ ಕೆಲಸ ಮಾಡಿದಲ್ಲಿ ನೀಲಿಯಾಗುವ ನೈಟ್ರೋಬ್ಲೂ ಟೆಟ್ರಜೋಲಿಯಂ ಹಾಕಿ ನೋಡಿ. ಸಲೈನ್ ಕೊಟ್ಟ ಇಲಿಯದು ಗಾಢ ನೀಲಿಯಾಗಬೇಕು, 3-ಎನ್‌ಪಿ ಕೊಟ್ಟದ್ದು ಪೇಲವವಾಗಿ ಉಳಿಯಬೇಕು. ಎರಡೂ ಒಂದೇ ನೀಲಿಯಾದರೆ ಆ ಬಾಟಲಿಯಿಂದ ಗುಂಪಿನ ಪ್ರಯೋಗ ಶುರುಮಾಡಬೇಡಿ.