ಸ್ಯಾಂಡರ್ಸನ್ ಪಾಠಗಳು: ಕಾದಂಬರಿಯ ಹಂದರಕ್ಕೆ ಗಟ್ಟಿ ಆಸರೆ, ವಾಕ್ಯಕ್ಕೆ ಮಾತ್ರ ನಮ್ಮದೇ ಕಿವಿ ಬೇಕು

ಮೊದಲ ಕಾದಂಬರಿ ಕೈಕೊಡುವುದು ಹೆಚ್ಚಾಗಿ ನಡುವಿನಲ್ಲಿ. ಆರಂಭ ಚೆನ್ನಾಗಿರುತ್ತದೆ, ಕೊನೆಯೂ ತಲೆಯಲ್ಲಿರುತ್ತದೆ, ಮಧ್ಯದಲ್ಲಿ ಏನಾಗಬೇಕೆಂದು ತೋಚುವುದಿಲ್ಲ. ಈ ತೊಡಕಿಗೇ ಕೈಹಾಕುವ ಉಚಿತ ಪಾಠ ಬೇಕೆಂದರೆ ಅಮೆರಿಕದ ಫ್ಯಾಂಟಸಿ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ತರಗತಿಗಳನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಅಲ್ಲಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಅವರು 2020ರಲ್ಲಿ ಮಾಡಿದ ಪಾಠಗಳು ಯೂಟ್ಯೂಬಿನಲ್ಲಿವೆ. ಸಾಲಾಗಿ ನೋಡಬೇಕೆಂದೇನಿಲ್ಲ. ಕಥಾಹಂದರದ ಎರಡು ಪಾಠಗಳಿಂದ ಶುರುಮಾಡಿ, ಪಾತ್ರಗಳದ್ದಕ್ಕೆ ಹೋಗಿ.

ಹಂದರದ ಬಗ್ಗೆ ಅವರು ಹೇಳುವುದು ಮೂರು ಸಂಗತಿ: ಓದುಗರಿಗೆ ಕೊಡುವ ಮಾತು, ಆ ಮಾತಿನ ಕಡೆಗೆ ನಡಿಗೆ, ಕೊನೆಗೆ ಮಾತು ಸಲ್ಲಿಸುವುದು. ಯೋಜನೆಯನ್ನು ಮಾತ್ರ ಹಿಂದಿನಿಂದ ಹಾಕುತ್ತಾರೆ. ಕೊನೆಯನ್ನು ಒಂದು ಸಾಲಿನಲ್ಲಿ ಬರೆದು, ಅದು ನಂಬುವಂತಾಗಲು ಮೊದಲು ಏನೇನು ನಡೆದಿರಬೇಕೋ ಅದನ್ನು ಕೆಳಗೆ ಪಟ್ಟಿ ಮಾಡುವುದು. ನಮ್ಮ ಕಡೆಯ ಒಂದು ಕಥೆಗೆ ಹಚ್ಚಿ ನೋಡಿ. ಅತ್ತೆಯ ಸೊಂಟದಲ್ಲಿರುವ ಉಗ್ರಾಣದ ಬೀಗದ ಕೈ ಸೊಸೆಗೆ ಬರಬೇಕು. ಅತ್ತೆ ತೀರಿಕೊಂಡರು, ಬೀಗದ ಕೈ ಸೊಸೆಗೆ ಸಿಕ್ಕಿತು ಎಂದು ಮುಗಿಸಿದರೆ ಓದುಗರಿಗೆ ಮೋಸವಾದಂತೆ ಅನಿಸುತ್ತದೆ, ಏಕೆಂದರೆ ನಡಿಗೆಯೇ ಇಲ್ಲ. ಅದೇ, ಅಕ್ಕಿ ಅಳೆಯುವಾಗ ಅತ್ತೆಯ ಲೆಕ್ಕ ಒಮ್ಮೆ ತಪ್ಪಲಿ, ಸೊಸೆ ಅದನ್ನು ಯಾರಿಗೂ ಹೇಳದೆ ಸರಿಮಾಡಲಿ, ಅತ್ತೆಗೆ ಅದು ಗೊತ್ತಾಗಲಿ, ಒಂದು ಹಬ್ಬದ ದಿನ ಬೀಗದ ಕೈಯನ್ನು ಅರ್ಧ ಗಂಟೆಗೆಂದು ಕೊಟ್ಟು ವಾಪಸ್ ಇಸಿದುಕೊಳ್ಳಲಿ. ನಡುವಿನ ನಾಲ್ಕು ಅಧ್ಯಾಯ ಸಿಕ್ಕವು.

ಪಾತ್ರಕ್ಕೆ ಅವರು ಮೂರು ಅಳತೆ ಇಟ್ಟುಕೊಳ್ಳುತ್ತಾರೆ: ನಮಗೆ ಎಷ್ಟು ಹಿಡಿಸುತ್ತದೆ, ಕೆಲಸದಲ್ಲಿ ಎಷ್ಟು ಗಟ್ಟಿ, ತಾನಾಗಿ ಎಷ್ಟು ಮುನ್ನುಗ್ಗುತ್ತದೆ. ಮೂರರಲ್ಲೂ ಕಡಿಮೆ ಇರುವ ಪಾತ್ರದ ಜೊತೆ ಓದುಗರು ಬಹಳ ದೂರ ಬರುವುದಿಲ್ಲ. ಕರಡು ಜಡವಾಗಿದೆ ಅನಿಸಿದಾಗ ಹೆಚ್ಚಾಗಿ ಸೊರಗಿರುವುದು ಮೂರನೆಯದು.

ಲೇಖಕಿ ಮೇರಿ ರಾಬಿನೆಟ್ ಕೊವಾಲ್ ಅತಿಥಿಯಾಗಿ ಬಂದು ಮಾಡಿದ ಸಣ್ಣಕಥೆಯ ಪಾಠವನ್ನು ಕಾದಂಬರಿಕಾರರೂ ಬಿಡಬಾರದು. ಅವರು ಹೇಳುವಂತೆ, ಸ್ಥಳ, ಹುಡುಕಾಟ, ಪಾತ್ರ, ಘಟನೆ ಎಂಬ ನಾಲ್ಕು ಬಗೆಯ ಎಳೆಗಳಲ್ಲಿ ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು, ಮೊದಲು ತೆರೆದದ್ದನ್ನು ಕೊನೆಗೆ. ಮುಕ್ತಾಯ ಎರಡೆರಡು ಸಲ ಆದಂತೆ ಕಾಣುವ ಹಸ್ತಪ್ರತಿಗೆ ಇದೇ ಮದ್ದು.

ದೃಷ್ಟಿಕೋನದ ಪಾಠ ನಮಗೆ ಅರ್ಧ ಮಾತ್ರ ಒದಗುತ್ತದೆ. ಇಂಗ್ಲಿಷಿನಲ್ಲಿ 'ಶಿ' ಎಂದರೆ ಮುಗಿಯಿತು. ಕನ್ನಡದಲ್ಲಿ 'ಅತ್ತೆ ಬಾಗಿಲು ತೆಗೆದರು' ಎಂದೊಡನೆ ನಾವು ಸೊಸೆಯ ಕಣ್ಣಿನೊಳಗೆ ಇರುತ್ತೇವೆ. ಅದೇ ಅತ್ತೆಯನ್ನು ಹೆಸರು ಹಿಡಿದು 'ಭಾಗೀರಥಮ್ಮ ಬಾಗಿಲು ತೆಗೆದಳು' ಎಂದರೆ ನಿರೂಪಕ ಹೊರಗೆ ನಿಂತ. ಒಂದೇ ಅಧ್ಯಾಯದಲ್ಲಿ 'ತೆಗೆದರು', 'ತೆಗೆದಳು' ಬೆರೆತರೆ, ಕಾರಣ ಹೇಳಲಾಗದಿದ್ದರೂ ಓದುಗರಿಗೆ ಕಾಲಿಗೆ ಕಲ್ಲು ತಾಗಿದಂತಾಗುತ್ತದೆ. ಹಾಗಾಗಿ ಪ್ರತಿ ಅಧ್ಯಾಯಕ್ಕೂ ಯಾರ ಕಣ್ಣು, ಯಾರಿಗೆ ಬಹುವಚನ, ಯಾರನ್ನು ಯಾವ ಸಂಬಂಧದಿಂದ ಕರೆಯುವುದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಿದ್ದುವಾಗ ಕ್ರಿಯಾಪದದ ಕೊನೆಗಳನ್ನಷ್ಟೇ ನೋಡುತ್ತಾ ಒಂದು ಸುತ್ತು ಓದಿ.

ದಿನಕ್ಕೆ ಇಷ್ಟು ಪದ ಬರೆಯಬೇಕೆಂಬ ಗುರಿಯನ್ನೂ ಇಂಗ್ಲಿಷಿನಿಂದ ಹಾಗೇ ತರಬೇಡಿ. 'ಮನೆಯಲ್ಲಿದ್ದವನಿಗೂ' ನಮಗೆ ಒಂದೇ ಪದ, ಅವರಿಗೆ ಐದಾರು. ದಿನದ ಲೆಕ್ಕ ಪುಟದಲ್ಲಿರಲಿ.

ಏಜೆಂಟರು, ಮುಂಗಡ ಹಣ ಎಂದು ಸಾಗುವ ಪ್ರಕಟಣೆಯ ಪಾಠಗಳು ಅಮೆರಿಕದ ಮಾರುಕಟ್ಟೆಯವು. ಕನ್ನಡದಲ್ಲಿ ಹಸ್ತಪ್ರತಿ ಸಾಮಾನ್ಯವಾಗಿ ನೇರ ಪ್ರಕಾಶಕರ ಕೈಗೇ ಹೋಗುವುದರಿಂದ ಅವನ್ನು ಬಿಟ್ಟರೂ ನಷ್ಟವಿಲ್ಲ. ಅದರ ಬದಲು ಕಳಿಸುವ ಮುಂಚೆ ಪ್ರಕಾಶಕರಿಗೆ ಕಡತ ಯೂನಿಕೋಡ್ ಅಕ್ಷರಗಳಲ್ಲಿ ಬೇಕೋ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೇಕೋ ಕೇಳಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು. ಬದಲಿಸಿದ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿಯೇ ಕೊಡಿ.