ಒಂದು ಮನೆಯನ್ನು ಎರಡು ಮಾಡುವಾಗ ಜಿಪ್ಸಮ್ ಬೋರ್ಡ್ ಗೋಡೆ: ಸಾಮಗ್ರಿ ಚೆನ್ನ, ಕೆಟ್ಟದ್ದು ಕೆಲಸ

ಬಾಡಿಗೆಗೆ ಮನೆ ಸಿಗದ ಕಡೆ, ಇರುವ ದೊಡ್ಡ ಮನೆಯನ್ನೇ ಪಾಲು ಮಾಡಿ ಇನ್ನೊಂದು ಸಂಸಾರಕ್ಕೆ ಜಾಗ ಮಾಡುವವರು ಲೋಹದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದ ಈ ಗೋಡೆಯನ್ನು ಆರಿಸಲು ಮುಖ್ಯ ಕಾರಣ ತೂಕ. ಅರ್ಧ ಇಟ್ಟಿಗೆಯ ಗೋಡೆ ಎರಡೂ ಬದಿಯ ಗಾರೆ ಸೇರಿ ಚದರ ಮೀಟರಿಗೆ 200 ಕೆಜಿ ದಾಟುತ್ತದೆ. ಜಿಪ್ಸಮ್ ಗೋಡೆ ಬದಿಗೆರಡು ಪದರ ಬೋರ್ಡ್ ಹೊಡೆದರೂ ಸುಮಾರು 50 ಕೆಜಿಯೊಳಗೆ ಮುಗಿಯುತ್ತದೆ.

ದೂರು ಬರುವುದು ಸದ್ದಿನ ಬಗ್ಗೆ. ಆಫೀಸು ಕ್ಯಾಬಿನ್ನಿಗೆ ಹಾಕುವ ಟೊಳ್ಳು ಗೋಡೆಯನ್ನೇ, ಅಂದರೆ ಬದಿಗೊಂದೊಂದು 12.5 ಮಿ.ಮೀ. ಬೋರ್ಡನ್ನೇ, ಎರಡು ಮನೆಗಳ ನಡುವೆಯೂ ನಿಲ್ಲಿಸಿಬಿಡುತ್ತಾರೆ. ಪಕ್ಕದವರ ಮಾತು ಕೇಳದೆ ಇನ್ನೇನು? ಇಲ್ಲಿ ಬೇಕಾದದ್ದು 600 ಮಿ.ಮೀ. ಅಂತರದಲ್ಲಿ 70 ಮಿ.ಮೀ. ಸ್ಟಡ್ (ಬೋರ್ಡ್ ಹೊಡೆಯುವ ಲೋಹದ ನೆಟ್ಟನೆ ಪಟ್ಟಿ), ನಡುವೆ 50 ಮಿ.ಮೀ. ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ಉಣ್ಣೆ), ಬದಿಗೆರಡು ಪದರ ಬೋರ್ಡ್. ಮೊದಲ ಪದರಕ್ಕೆ 25 ಮಿ.ಮೀ. ಸ್ಕ್ರೂ, ಎರಡನೆಯದಕ್ಕೆ 35. ಒಂದು ಪದರದಲ್ಲಿ ಬೋರ್ಡ್‌ಗಳು ಕೂಡುವ ಸಂದು ಇನ್ನೊಂದರ ಸಂದಿನ ಮೇಲೆ ಬೀಳಬಾರದು. ಜಾಗವಿದ್ದರೆ ಒಂದಕ್ಕೊಂದು ತಾಗದ ಎರಡು ಸಾಲು ಸ್ಟಡ್ ಇನ್ನೂ ಮೇಲು.

ಇಷ್ಟೆಲ್ಲ ಮಾಡಿಯೂ ಅಂಚಿನಲ್ಲಿ ಕೆಡಿಸುವವರೇ ಹೆಚ್ಚು. ಬೋರ್ಡನ್ನು ನೆಲದಿಂದ 10 ಮಿ.ಮೀ. ಎತ್ತಿ, ಸಂದಿಗೆ ಒಣಗಿದ ಮೇಲೂ ಮೆತ್ತಗಿರುವ, ಸದ್ದು ತಡೆಯುವ ಅಕೌಸ್ಟಿಕ್ ಸೀಲೆಂಟ್ ತುಂಬಬೇಕು. ಪುಟ್ಟಿ ಮೆತ್ತಿದರೆ ಸ್ಲ್ಯಾಬ್ ತುಸು ಬಾಗಿದಾಗ ಬಿರುಕು ಬಿಟ್ಟು ಸದ್ದಿಗೆ ದಾರಿಯಾಗುತ್ತದೆ. ಫಾಲ್ಸ್ ಸೀಲಿಂಗಿಗೇ ಗೋಡೆ ನಿಲ್ಲಿಸಿದರೆ ಸದ್ದು ಅದರ ಮೇಲಿಂದ ಹಾಯುತ್ತದೆ, ಸ್ಲ್ಯಾಬಿನವರೆಗೂ ಏರಿಸಲೇಬೇಕು. ಎರಡು ಮನೆಗಳ ಸ್ವಿಚ್ ಬಾಕ್ಸ್ ಬೆನ್ನಿಗೆ ಬೆನ್ನು ಕೂರಿಸುವುದೂ ಅದೇ ಜಾತಿಯ ತಪ್ಪು.

ಹಸಿರು ಬೋರ್ಡ್ ತೇವ ತಡೆಯುತ್ತದೆ, ನೀರನ್ನಲ್ಲ. ಸ್ನಾನದ ಮೂಲೆಗೆ ಸಿಮೆಂಟ್ ಬೋರ್ಡ್ ಹಾಕಿ ವಾಟರ್‌ಪ್ರೂಫಿಂಗ್ ಬಳಿಸಿ. ಅಡುಗೆಮನೆಯ ಕಪಾಟು ತೂಗುವ ಕಡೆ ಬೋರ್ಡ್ ಮುಚ್ಚುವ ಮೊದಲೇ ಸ್ಟಡ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಕೊಡಿಸಿ.

ಬೆಂಕಿಯ ವಿಷಯದಲ್ಲಿ ಬರೀ ಬೆಂಕಿ ತಾಳುವ ಗುಲಾಬಿ ಬೋರ್ಡ್ ನೋಡಿ ಸಮಾಧಾನಪಡಬೇಡಿ. ಪರೀಕ್ಷಾ ವರದಿ ಸ್ಟಡ್, ಬೋರ್ಡ್, ಸ್ಕ್ರೂ ಎಲ್ಲ ಸೇರಿದ ಇಡೀ ಗೋಡೆಗೆ ಕೊಟ್ಟದ್ದು. ಒಂದು ಕಂಪನಿಯ ಲೋಹದ ಚಾನೆಲ್ಲಿಗೆ ಇನ್ನೊಂದರ ಬೋರ್ಡ್ ಹೊಡೆದರೆ ಆ ವರದಿ ನಿಮ್ಮ ಗೋಡೆಗೆ ಅನ್ವಯಿಸುವುದಿಲ್ಲ. ಪೈಪು ಹಾಯ್ದ ತೂತಿಗೆ ಫೈರ್ ಸೀಲೆಂಟ್ ಬೇಕೇ ಬೇಕು.

ಸಾಮಗ್ರಿಗೆ ಐದಕ್ಕೆ ನಾಲ್ಕು ಅಂಕ, ಸಾಮಾನ್ಯವಾಗಿ ಕಾಣುವ ಕೆಲಸಕ್ಕೆ ಎರಡೇ. ಹಣ ಪೂರ್ತಿ ಕೊಡುವ ಮೊದಲು, ಒಂದು ಬದಿಯ ಮೊದಲ ಪದರ ಮುಗಿದಾಗ ಕೋಣೆ ಕತ್ತಲು ಮಾಡಿ ಆಚೆಯಿಂದ ಅಂಚಿನುದ್ದಕ್ಕೂ ಟಾರ್ಚ್ ಬಿಡಿಸಿ. ಬೆಳಕು ಇಣುಕಿದ ಕಡೆ ಸೀಲೆಂಟ್ ಮತ್ತೆ ಹಾಕಿಸಿ, ಆಮೇಲೆಯೇ ಎರಡನೇ ಪದರ.